ನಮ್ಮವರು ಅಲ್ಲಾಡದೆ ಮಲಗಿದ ದಿನ

2017ರ ಚಳಿಗಾಲ. ನಾವಾಗ ಕುವೈತಿನ ಎಗೈಲಾದಲ್ಲಿದ್ದೆವು. ನಮ್ಮವರಿಗೆ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್ ಕೆಲಸ. ಊರು ಮಂಗಳೂರು ಕಡೆ, ಮನೆಮಾತು ತುಳು. ಮಗಳು ಶ್ರಾವ್ಯಾಳಿಗೆ ಹದಿಮೂರು ವರ್ಷ. ತುಳು, ಕನ್ನಡ ಎರಡೂ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಮ್ಮವರಿಗೆ ಒಂದು ಚಟ. ಕುಳಿತಲ್ಲೆಲ್ಲ ಎಡಗಾಲು ಅಲ್ಲಾಡಿಸುವುದು. ಹಾಗೆ ಮಾಡಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ನನ್ನ ಅತ್ತೆ ಹೇಳಿ ಹೇಳಿ ಸೋತು, ಬೈಯುವ ಕೆಲಸವನ್ನು ನನಗೆ ವಹಿಸಿಕೊಟ್ಟಿದ್ದರು. ಮದುವೆಯಾದಂದಿನಿಂದ ನಾನು ಅದನ್ನು ಶ್ರದ್ಧೆಯಿಂದ ಮಾಡುತ್ತಾ ಬಂದಿದ್ದೆ.

ಅಂದು ಶುಕ್ರವಾರ, ರಜೆ. ಬೆಳಿಗ್ಗೆ ನೀರುದೋಸೆ, ಕೋಳಿಸಾರು. ಮೇಜು ಗಡಗಡ ಅಲುಗುತ್ತಿತ್ತು, ಲೋಟದ ಚಹಾ ತುಳುಕುತ್ತಿತ್ತು. ನಾನು ಒಲೆಯ ಹತ್ತಿರದಿಂದಲೇ, "ಆ ಕಾಲಿಗೂ ಇವತ್ತು ರಜೆ ಕೊಡಿ ಮಾರಾಯ್ರೇ" ಎಂದೆ.

ಕಾಲು ನಿಂತಿತು.

ಅಬ್ಬಾ, ಒಮ್ಮೆಯಾದರೂ ನನ್ನ ಮಾತು ಕೇಳಿದರಲ್ಲ ಎಂದು ಖುಷಿಪಟ್ಟು ತಿರುಗಿದೆ. ಎಡಗೈ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು, ಚಹಾ ಮಡಿಲಿಗೆ ಚೆಲ್ಲಿತ್ತು. "ಎಂತ ಇಲ್ಲ, ನಂಗೆ ಎಂತ ಆಗ್ಲಿಲ್ಲ" ಎಂದು ತೊದಲಿದರು. ನಾನು ಅವರನ್ನು ಕುರ್ಚಿಯಿಂದ ಬೀಳದಂತೆ ಹಿಡಿದುಕೊಂಡೆ. ಶ್ರಾವ್ಯಾಳೇ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನ ಬಲಭಾಗದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆ ಎಂದರು. ತೊಡೆಯ ರಕ್ತನಾಳದಿಂದ ಸಪೂರದ ನಳಿಗೆಯನ್ನು ಮೇಲಕ್ಕೆ ತೂರಿಸಿ ಆ ಹೆಪ್ಪನ್ನು ಎಳೆದು ತೆಗೆಯಬೇಕು. ತಡವಾದಷ್ಟೂ ಎಡಭಾಗ ಮರಳಿ ಬರುವ ಆಸೆ ಕಡಿಮೆ.

ಅರಿವಳಿಕೆ ಕೊಡುವ ಡಾಕ್ಟರು ಈಜಿಪ್ಟಿನವರು, ನರೆತ ಗಡ್ಡದ ಸೌಮ್ಯ ಮನುಷ್ಯ. ಏನು ತಿಂದಿದ್ದಾರೆ ಎಂದು ಮೊದಲು ಕೇಳಿದರು. ನೀರುದೋಸೆಯನ್ನು ಈಜಿಪ್ಟಿನವರಿಗೆ ಹೇಗೆ ವಿವರಿಸುವುದು? ಅಕ್ಕಿಯದು, ತೆಳ್ಳಗಿನದು, ಹೊಟ್ಟೆ ತುಂಬ ತಿಂದಿದ್ದಾರೆ ಎಂದೆ. ಆಮೇಲೆ ಅವರು ಸರಳ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. "ಎರಡು ದಾರಿ ಇದೆ. ಪೂರ್ತಿ ನಿದ್ದೆ ಮಾಡಿಸಿ, ಗಂಟಲಿಗೆ ಟ್ಯೂಬ್ ಹಾಕಿದರೆ ಅಲುಗಾಡುವುದಿಲ್ಲ. ಆದರೆ ಅದಕ್ಕೆ ಸ್ವಲ್ಪ ಹೊತ್ತು ಬೇಕು, ಬಿ.ಪಿ. ಇಳಿಯಬಹುದು. ಸ್ವಲ್ಪವೇ ಮಂಪರು ಕೊಟ್ಟು ಎಚ್ಚರವಾಗಿಟ್ಟರೆ ಈಗಲೇ ಶುರು ಮಾಡಬಹುದು. ಆದರೆ ನಡುವೆ ತಲೆ ಅಲುಗಿಸಿದರೆ ರಕ್ತನಾಳಕ್ಕೆ ಪೆಟ್ಟಾಗಬಹುದು. ತೀರ್ಮಾನ ನನ್ನದು. ಆದರೆ ಅವರನ್ನು ಬಲ್ಲವರು ನೀವು. ಅಲ್ಲಾಡದೆ ಮಲಗುತ್ತಾರಾ?"

ಆ ಪ್ರಶ್ನೆಯನ್ನು ಕೇಳಿದ್ದು ಯಾರನ್ನು! ಪಕ್ಕದಲ್ಲೇ ನಮ್ಮವರು ಸ್ಟ್ರೆಚರಿನ ಮೇಲೆ ತಲೆ ಹೊರಳಿಸುತ್ತಾ, ಏಳಲು ನೋಡುತ್ತಾ, ಒಂದೇ ಸಮನೆ ತುಳುವಿನಲ್ಲಿ ಗೊಣಗುತ್ತಿದ್ದರು. 'ಇಲ್ಲ, ಒಂದು ನಿಮಿಷವೂ ಇರಲಾರರು' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು.

ಆಗ ಶ್ರಾವ್ಯ ನನ್ನ ಕೈ ಹಿಡಿದಳು. ಹಳೆಯದೊಂದು ನೆನಪಾಯಿತು. ಇವಳು ಹಸುಗೂಸಾಗಿದ್ದಾಗ ಹಾಸಿಗೆಯಲ್ಲಿ ಮಲಗುತ್ತಿರಲಿಲ್ಲ. ಅಪ್ಪನ ಎದೆಯೇ ಆಗಬೇಕು. ನಮ್ಮವರು ಡ್ಯೂಟಿ ಮುಗಿಸಿ ಬಂದು, ಇವಳನ್ನು ಎದೆಯ ಮೇಲೆ ಹಾಕಿಕೊಂಡು ಮಧ್ಯಾಹ್ನವಿಡೀ ಅಂಗಾತ ಮಲಗುತ್ತಿದ್ದರು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಆ ಹೊತ್ತಿನಲ್ಲಿ ಎಡಗಾಲೂ ಸುಮ್ಮನಿರುತ್ತಿತ್ತು.

"ಮಲಗುತ್ತಾರೆ ಡಾಕ್ಟರ್" ಎಂದೆ. "ಆದರೆ ಯಾರಾದರೂ ನಮ್ಮ ಭಾಷೆಯಲ್ಲಿ ಮಾತಾಡುತ್ತಾ ಇರಬೇಕು."

"ನಾನಿದ್ದೇನೆ ಅಕ್ಕಾ" ಎಂದಿತು ಒಂದು ದನಿ. ಲವೀನಾ ಎಂಬ ನರ್ಸ್. ಮೂಡುಬಿದಿರೆ ಕಡೆಯ ಕ್ರಿಶ್ಚಿಯನ್ ಹುಡುಗಿ, ಮನೆಯಲ್ಲಿ ಕೊಂಕಣಿ, ತುಳುವೂ ನೀರು ಕುಡಿದಷ್ಟು ಸಲೀಸು. ಅವಳ ಕೈ ಹಿಡಿದು, "ಎದೆ ಮೇಲೆ ಬಾಲೆ ಮಲಗಿದೆ, ಅಲ್ಲಾಡಬೇಡಿ ಅಂತ ಹೇಳು, ಅಷ್ಟು ಸಾಕು" ಎಂದೆ. ತುಳುವಿನಲ್ಲಿ ಬಾಲೆ ಎಂದರೆ ಮಗು. ಅವಳು ಬಗ್ಗಿ ನಮ್ಮವರ ಕಿವಿಯಲ್ಲಿ ಹೇಳಿದಳು. ಹೊರಳುತ್ತಿದ್ದ ತಲೆ ನಿಂತಿತು. ಡಾಕ್ಟರು ಒಂದು ಕ್ಷಣ ನೋಡಿ, "ಎಚ್ಚರವಾಗಿಯೇ ಇರಲಿ. ಅಲ್ಲಾಡಿದರೆ ನಿದ್ದೆ ಮಾಡಿಸಲು ನಾನು ತಲೆಯ ಹತ್ತಿರವೇ ಇರುತ್ತೇನೆ. ಯಲ್ಲಾ, ಹೊರಡೋಣ" ಎಂದರು.

ಬಾಗಿಲು ಮುಚ್ಚಿದ ಮೇಲೆ ನನಗೆ ಒಂದೇ ಯೋಚನೆ. ಅವರೇನಾದರೂ ಅಲ್ಲಾಡಿದರೆ? ನನ್ನ ಮಾತು ನಂಬಿಯಲ್ಲವೇ ಎಚ್ಚರವಾಗಿಟ್ಟದ್ದು? ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಎದೆಯ ಮೇಲಿನ ಆ ಬಾಲೆ ಯಾರೆಂದು ಹೇಳಿದಾಗ ಶ್ರಾವ್ಯ ಮೆಲ್ಲನೆ ಕೇಳಿದಳು, "ಅಮ್ಮಾ, ಡ್ಯಾಡಿ ರಿಯಲಿ ಡಿಡ್ ದಟ್? ಫಾರ್ ಮಿ?" ನಾನು ತಲೆಯಾಡಿಸಿದೆ. ಅವಳು ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು.

ಕೊನೆಗೂ ಬಾಗಿಲು ತೆರೆಯಿತು. ಡಾಕ್ಟರು ಮಾಸ್ಕ್ ಇಳಿಸಿ, "ಖಲಾಸ್, ಹೆಪ್ಪು ಹೊರಗೆ ಬಂತು" ಎಂದು ನಕ್ಕರು. "ಅಲ್ಲಾಡಿದರಾ?" ಅದೊಂದೇ ನನ್ನ ಬಾಯಿಗೆ ಬಂದದ್ದು.

ಉತ್ತರ ಹೇಳಿದ್ದು ಹಿಂದೆಯೇ ಬಂದ ಲವೀನಾ. "ಇಲ್ಲ ಅಕ್ಕಾ. ಎಳೆಯುವಾಗ ತಲೆ ನೋವಾಯ್ತು ಕಾಣ್ತದೆ, ಕಣ್ಣಲ್ಲಿ ನೀರು ಬಂತು. ನಾನು ಬಾಲೆ, ಬಾಲೆ ಅಂತ ಹೇಳ್ತಾ ಇದ್ದೆ. ಬಲಗೈ ಬೆರಳು ಮಾತ್ರ ಮೆಲ್ಲ ಹಾಸಿಗೆ ತಟ್ತಾ ಇತ್ತು, ಮಗುವಿಗೆ ತಟ್ಟುವ ಹಾಗೆ." ಅವಳು ತನ್ನ ಎಡಗೈ ಎತ್ತಿ ತೋರಿಸಿದಳು. "ಹೆಪ್ಪು ತೆಗೆದ ಮೇಲೆ ನೋಡ್ತೇನೆ, ಎಡಗೈ ಬೆರಳೂ ತಟ್ಲಿಕ್ಕೆ ಶುರು ಮಾಡಿತ್ತು ಅಕ್ಕಾ!"

ನಾನು ಅವಳನ್ನು ತಬ್ಬಿಕೊಂಡು ನಾಚಿಕೆ ಬಿಟ್ಟು ಅತ್ತೆ. ಲವೀನಾ ಆಮೇಲೆ ಬೇರೆ ದೇಶಕ್ಕೆ ಹೋದಳಂತೆ. ಎಲ್ಲಿದ್ದರೂ ಆ ಮಗಳು ತಣ್ಣಗಿರಲಿ.

ಎಡಗೈ ಬೇಗ ಸುಧಾರಿಸಿತು, ಕಾಲಿಗೆ ಮಾತ್ರ ಕೆಲವು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ತಿಂಡಿಗೆ ಕುಳಿತಾಗ ಮೇಜು ಗಡಗಡ ಎಂದಿತು. ಶ್ರಾವ್ಯ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಮ್ಮವರು ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕಾಲು ನಿಲ್ಲಿಸಿದರು.

"ನಿಲ್ಲಿಸಬೇಡಿ ಮಾರಾಯ್ರೇ, ಅಲ್ಲಾಡಿಸಿ" ಎಂದೆ.

ಈಗಲೂ ಅಲ್ಲಾಡಿಸುತ್ತಾರೆ. ಚಹಾ ಚೆಲ್ಲದಂತೆ ಲೋಟವನ್ನು ನಾನೇ ಹಿಡಿದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಲಕ್ಷ್ಮಿ ನಿಂತಿರುವುದೇ ಆ ಕಾಲಿನಲ್ಲಿ.