ಕೂಸನ್ನು ಕಳಿಸಿಕೊಟ್ಟ ದಿನ

ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಅಲ್ಲಿ ಕುಳಿತು ಹನ್ನೆರಡು ವರ್ಷಗಳಿಂದ ಮನೆಗಳ ನಕ್ಷೆ ಬರೆಯುತ್ತೇನೆ. ಅದರಲ್ಲಿ ಒಂಬತ್ತು ವರ್ಷ ನನ್ನ ಮೇಜಿನ ಕೆಳಗೆ ಒಂದು ನಾಯಿ ಮಲಗಿರುತ್ತಿತ್ತು.

ಅದು ಸಿಕ್ಕಿದ್ದು ರಾಮದುರ್ಗದಲ್ಲಿ. ಕಟ್ಟುತ್ತಿದ್ದ ಒಂದು ಮನೆಯ ಪಾಯ ನೋಡಲು ಹೋಗಿದ್ದೆ. ಹಿಂದಿನ ದಿನದ ಮಳೆಗೆ ಅಗೆದ ತಗ್ಗಿನಲ್ಲಿ ಮೊಳಕಾಲಮಟ್ಟ ನೀರು ನಿಂತಿತ್ತು. ಮೂಲೆಯಲ್ಲಿ ಕಂದು ಬಣ್ಣದ ಹೆಣ್ಣು ನಾಯಿಯೊಂದು ಮುಂಗಾಲು ಮುರಿದುಕೊಂಡು ಮಣ್ಣಿಗೆ ಒರಗಿ ನಿಂತಿತ್ತು. ಬೊಗಳುವ ತ್ರಾಣವೂ ಇರಲಿಲ್ಲ. ನಿನ್ನೆಯಿಂದ ಹಾಗೇ ಇದೆ, ತಾನೇ ಮೇಲೆ ಬರುತ್ತದೆ ಬಿಡಿ ಎಂದರು ಗೌಂಡಿಗಳು. ನಾನು ಚಪ್ಪಲಿ ಕಳಚಿ, ಸೀರೆ ಎತ್ತಿ ಕಟ್ಟಿ, ಇಳಿದೆ. ಎತ್ತಿಕೊಳ್ಳುವಾಗ ಅದು ಕೈ ಕಚ್ಚಿತು. ನಾನು ಬಿಡಲಿಲ್ಲ. ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಂಡು ಬಂದರೆ, ಬಸ್ಸಿನವರು ನಾಯಿಯನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಸವದತ್ತಿಯ ಮೇಲೆ ಬರುವ ಟೆಂಪೋ ಒಂದರಲ್ಲಿ, ಉಳ್ಳಾಗಡ್ಡಿ ಚೀಲಗಳ ನಡುವೆ ಕೂತು, ಅದನ್ನು ಖಾಲಿ ಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮನೆ ಮುಟ್ಟಿದೆ.

ನನ್ನ ಗಂಡ ಕಿತ್ತೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಬಾಗಿಲು ತೆಗೆದವರು ನಮ್ಮಿಬ್ಬರನ್ನೂ ನೋಡಿ, ಕಾಲು ಕೂಡುವವರೆಗೆ ಮಾತ್ರ ಎಂದರು. ಎರಡು ತಿಂಗಳಲ್ಲಿ ಕಾಲು ಕೂಡಿತು, ಸ್ವಲ್ಪ ಸೊಟ್ಟಗೆ. ಅಷ್ಟರಲ್ಲಿ ಅವರೇ ಅದನ್ನು ಕೂಸ ಎಂದು ಕರೆಯತೊಡಗಿದ್ದರು.

ನಾನು ಕಂಪ್ಯೂಟರ್ ಹಚ್ಚಿದರೆ ಸಾಕು, ಕೂಸ ಮೇಜಿನ ಕೆಳಗೆ ಬಂದು ಒರಗುತ್ತಿತ್ತು. ನಾನು ಗೆರೆ ಎಳೆಯುತ್ತಿರುವಷ್ಟು ಹೊತ್ತು ಅದಕ್ಕೆ ನಿದ್ದೆ. ಮೌಸಿನ ಸಪ್ಪಳ ನಿಂತರೆ ತಲೆ ಎತ್ತಿ ನೋಡುತ್ತಿತ್ತು. ನಕ್ಷೆಗೆಂದು ಬಂದ ಗಂಡ ಹೆಂಡತಿ ಅಡಿಗೆಮನೆ ಯಾವ ಮೂಲೆಗೆ ಬೇಕೆಂದು ದನಿ ಏರಿಸಿದರೆ, ಎದ್ದು ಹೋಗಿ ಇಬ್ಬರ ನಡುವೆ ಕುಳಿತುಬಿಡುತ್ತಿತ್ತು. ಬೊಗಳುತ್ತಿರಲಿಲ್ಲ, ಸುಮ್ಮನೆ ಒಬ್ಬೊಬ್ಬರ ಮುಖ ನೋಡುತ್ತಿತ್ತು. ಅವರಿಗೆ ನಗು ಬಂದು ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಆ ಕೆಲಸ ನನಗೆ ಬರುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅದರ ಹಿಂಗಾಲಿನ ಮೇಲೆ ಗಂಟು ಕಾಣಿಸಿತು. ಧಾರವಾಡಕ್ಕೆ ಒಯ್ದು ಎಕ್ಸ್‌ರೇ ತೆಗೆಸಿದೆವು. ಎಲುಬಿನ ಕ್ಯಾನ್ಸರ್, ಎದೆಗೂ ಹಬ್ಬಿದೆ ಎಂದರು. ಮೂರು ತಿಂಗಳು ನೋವಿನ ಗುಳಿಗೆಯ ಮೇಲೆ ದಿನ ನೂಕಿದೆವು. ಆಮೇಲೆ ಅದು ಮಲಗುವುದನ್ನೇ ಬಿಟ್ಟಿತು. ಮಲಗಿದರೆ ನೋವು. ಕಪಾಟಿಗೆ ಒರಗಿ ನಿಂತೇ ತೂಕಡಿಸುತ್ತಿತ್ತು. ನಮ್ಮೂರಿನ ಪಶುವೈದ್ಯೆ ಬಂದು ನೋಡಿ, ಗುಳಿಗೆ ಇನ್ನು ನಾಟುವುದಿಲ್ಲ, ನೀವು ಹೇಳಿದ ದಿನ ನಾನೇ ಮನೆಗೆ ಬಂದು ಸೂಜಿ ಕೊಟ್ಟು ಅದರ ನೋವು ಮುಗಿಸಿಕೊಡುತ್ತೇನೆ ಎಂದು ಮೆಲ್ಲಗೆ ಹೇಳಿಹೋದರು.

ಅದಾಗಿ ಒಂದು ವಾರವಾದರೂ ನಾವು ಆ ದಿನವನ್ನು ಹೇಳಲಿಲ್ಲ. ಎಂಟನೆಯ ದಿನ ಊಟದ ಹೊತ್ತಿಗೆ ನಾನೇ ಮಾತು ತೆಗೆದೆ.

"ಇನ್ನೊಂದ್ ನಾಕ್ ದಿನ ನೋಡೂಣಲ್ಲ," ಎಂದರು ಇವರು. "ಮುಂಜಾನೆ ಹಾಲು ಕುಡದೈತಿ."

"ನಾವು ಬಾಯಿ ಮುಂದ ಹಿಡದೇವಿ ಅಂತ ಕುಡದೈತ್ರಿ. ನಾಳೆ ಡಾಕ್ಟರಿಗೆ ಬರ್ರಿ ಅಂತ ಹೇಳತೇನಿ. ನಿಮಗ ನೋಡಾಕ ಆಗೂದಿಲ್ಲಂದ್ರ ಕಾಲೇಜಿಗೆ ಹೋಗ್ರಿ. ನಾ ಒಬ್ಬಾಕೀನ ಇರತೇನಿ."

ಅವರು ಎದ್ದು ಕೈ ತೊಳೆದರು. ಸ್ವಲ್ಪ ಹೊತ್ತಿಗೆ ಹೊರಗೆ ನಿಂತು ಕಾಲೇಜಿಗೆ ಫೋನ್ ಮಾಡಿ ರಜೆ ಕೇಳುವುದು ಕೇಳಿಸಿತು.

ಮರುದಿನ ಹತ್ತು ಗಂಟೆಗೆ ಡಾಕ್ಟರ್ ಬಂದರು. ಕೂಸ ನಿಂತೇ ಇತ್ತು, ಮೈಯೆಲ್ಲ ನಡುಗುತ್ತಿತ್ತು. ಹಾಸಿಗೆ ಹಾಸಿದೆವು, ಕರೆದೆವು, ಬರಲಿಲ್ಲ. ಹಿಡಿದು ಕೆಡವುವುದು ನನಗೆ ಬೇಡವಾಗಿತ್ತು. ಐದು ನಿಮಿಷ ತಡೆಯಿರಿ ಎಂದು ಡಾಕ್ಟರಿಗೆ ಹೇಳಿ, ಕುರ್ಚಿಯಲ್ಲಿ ಕುಳಿತು ಕಂಪ್ಯೂಟರ್ ಹಚ್ಚಿದೆ. ಅರ್ಧಕ್ಕೆ ನಿಂತಿದ್ದ ಒಂದು ನಕ್ಷೆ ತೆರೆದು ಗೋಡೆ ಎಳೆದೆ, ಬಾಗಿಲು ಇಟ್ಟೆ, ಕಿಟಕಿ ಇಟ್ಟೆ. ಕಣ್ಣು ಮಂಜಾಗಿ ಯಾವ ಗೆರೆಯೂ ನೆಟ್ಟಗೆ ಕಾಣುತ್ತಿರಲಿಲ್ಲ, ಆದರೂ ಕೈ ನಿಲ್ಲಿಸಲಿಲ್ಲ. ಕೊನೆಗೆ ಕೂಸ ಮೂರು ಕಾಲಿನ ಮೇಲೆ ಕುಂಟುತ್ತ ಬಂದು ಮೇಜಿನ ಕೆಳಗೆ ತಾನಾಗಿಯೇ ಮಲಗಿತು. ಅದರ ಗದ್ದ ನನ್ನ ಪಾದದ ಮೇಲಿತ್ತು.

ಡಾಕ್ಟರ್ ಸದ್ದಿಲ್ಲದೆ ಮಂಡಿಯೂರಿ ಮೊದಲ ಸೂಜಿ ಕೊಟ್ಟರು. ಅದರ ಉಸಿರು ನಿಧಾನವಾಗುತ್ತಿದ್ದಂತೆ ನಾನು ನೆಲಕ್ಕಿಳಿದು ತಲೆಯನ್ನು ಮಡಿಲಿಗೆ ತೆಗೆದುಕೊಂಡೆ. ಇವರು ಬೆನ್ನ ಮೇಲೆ ಕೈ ಇಟ್ಟರು. ಕಣ್ಣು ಮುಚ್ಚಬಾರದೆಂದು ನಿರ್ಧರಿಸಿದ್ದೆ, ಮುಚ್ಚಲಿಲ್ಲ. ಎರಡನೆಯ ಸೂಜಿಗೆ ಅದು ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟಿತು, ಅಷ್ಟೇ.

ಮಧ್ಯಾಹ್ನ ಸಂಗೊಳ್ಳಿಗೆ ಒಯ್ದೆವು. ಅಲ್ಲಿ ನನ್ನ ಅಣ್ಣನ ಹೊಲವಿದೆ. ಅವನು ಬಾವಿಯ ಹಿಂದೆ ಜಾಗ ತೋರಿಸಿ ಸಲಿಕೆ ಹಿಡಿದ. ನಾನು ಅವನ ಕೈಯಿಂದ ಇಸಿದುಕೊಂಡೆ. ಕರಿ ಮಣ್ಣು, ಅಗೆಯಲು ಬಹಳ ಹೊತ್ತು ಹಿಡಿಯಿತು. ಮೂವರೂ ಪಾಳಿಯ ಮೇಲೆ ಅಗೆದೆವು.

ಹದಿನೈದು ದಿನ ಒಂದೇ ಪ್ರಶ್ನೆ ನನ್ನನ್ನು ಕಾಡಿತು. ಕರೆದಾಗ ಬರದ ನಾಯಿ ಕೊನೆಗೆ ತಾನೇ ನಡೆದು ಬಂದಿತ್ತಲ್ಲ, ಇನ್ನೂ ಶಕ್ತಿ ಇತ್ತೇ? ನಾನು ಅವಸರ ಮಾಡಿದೆನೇ? ಉಳಿದ ಗುಳಿಗೆ ಬೇರೆ ನಾಯಿಗಾದರೂ ಆಗಲೆಂದು ಪಶು ದವಾಖಾನೆಗೆ ಕೊಡಲು ಹೋದಾಗ ಡಾಕ್ಟರನ್ನೇ ಕೇಳಿದೆ. ಅವರು ಮುಖ ತಿರುಗಿಸಲಿಲ್ಲ.

"ಅವಸರ ಆಗಿಲ್ರಿ ಅಕ್ಕಾರ. ಖರೇ ಹೇಳಬೇಕಂದ್ರ, ಒಂದ್ ವಾರ ತಡಾ ಆತು. ಎಲ್ಲಾರೂ ಮಾಡತಾರ. ಅದು ಪ್ರೀತಿಗೇ ಆಗೂದು."

ಆ ಮಾತು ಚುಚ್ಚಿತು. ಆದರೆ ಸಮಾಧಾನಕ್ಕೆಂದು ಸುಳ್ಳು ಹೇಳಲಿಲ್ಲವಲ್ಲ ಎಂದು ಅವರ ಮೇಲೆ ಗೌರವ ಹೆಚ್ಚಿತು. ನಿಂತುಕೊಂಡೇ ಕಳೆದ ಆ ಏಳು ದಿನಗಳನ್ನು ಕೂಸ ನಮಗಾಗಿ ಸಹಿಸಿತ್ತು. ಮನೆಗೆ ನಡೆದು ಬರುವಾಗ ಒಂದು ಮಾತು ಗಟ್ಟಿ ಮಾಡಿಕೊಂಡೆ: ಇನ್ನೊಂದು ನಾಯಿ ನಮ್ಮ ಮನೆಗೆ ಬಂದೀತು, ಅದಕ್ಕೂ ಇಂಥ ದಿನ ಬಂದೀತು. ಆಗ ಇನ್ನೊಂದು ವಾರ ನಮಗಾಗಿ ತಡೆದುಕೋ ಎಂದು ನಾನು ಅದನ್ನು ಕೇಳುವುದಿಲ್ಲ.