ಅಮ್ಮನ ಕುಯ್ಲಿನ ಅಂಗಿ

ಜೀವನದಲ್ಲಿ ನಾನು ಫ್ಯಾಷನ್ ಮಾಡಿದ್ದು ಒಮ್ಮೆ ಮಾತ್ರ. ಅದೂ ಅಮ್ಮನ ಅಂಗಿ ತೊಟ್ಟು.

ನಗಬೇಡಿ. ನಮ್ಮ ಕಡೆ ಕಾಫಿ ಹಣ್ಣು ಕುಯ್ಯುವ ಹೆಂಗಸರು ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ಕಡ್ಡಿ ಗೀರಬಾರದು, ಕೆಂಪಿರುವೆ ಕಚ್ಚಬಾರದು, ಅಷ್ಟೇ. ಅಮ್ಮನದು ಆಲ್ದೂರು ಸಂತೆಯಲ್ಲಿ ಇಬ್ರಾಹಿಂ ಸಾಬರ ಹಳೇಬಟ್ಟೆ ರಾಶಿಯಿಂದ ಹೆಕ್ಕಿದ್ದು: ಯಾವುದೋ ದೇಶದ ಆಜಾನುಬಾಹು ಬಿಟ್ಟ, ಕೆಂಪು ಕಪ್ಪು ಚೌಕಳಿಯ ದಪ್ಪ ಅಂಗಿ. "ಯಾವ ಪುಣ್ಯಾತ್ಮಂದೋ ಏನೋ, ಅವ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಕುಯ್ಲಿನಿಂದ ಬಂದಾಗಲೆಲ್ಲ ಹರಸುತ್ತಿದ್ದಳು.

ಆಗ ತೊಂಬತ್ತರ ದಶಕ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ನಮ್ಮದೊಂದು ಇಂಗ್ಲಿಷ್ ಹಾಡಿನ ತಂಡ. ನಾನು ಡ್ರಮ್. ನಾಯಕ ಪ್ರಸನ್ನ ದೊಡ್ಡ ಎಸ್ಟೇಟಿನವರ ಮಗ. ಗಿಟಾರೂ ಕ್ಯಾಸೆಟ್ಟುಗಳೂ ಅವನವು, ಆದ್ದರಿಂದ ಕಾನೂನೂ ಅವನದೇ. ಕಾಲೇಜ್ ಡೇಗೆಂದು ನಾನು ಹೊಲಿಸಿ, ಇಸ್ತ್ರಿ ಹಾಕಿಸಿದ್ದ ಬಿಳಿ ಅಂಗಿ ತೋರಿಸಿದರೆ ಹೌಹಾರಿದ.

"ನಾವು ಹಾಡೋದು ಗ್ರಂಜ್ ಮಾರಾಯ! ಮಾಸಿದ್ದು, ದೊಗಳೆದು ಬೇಕು. ಇಸ್ತ್ರಿ ಹಾಕ್ಕೊಂಡು ಬಂದ್ರೆ ಸ್ಟೇಜ್ ಹತ್ಸಲ್ಲ."

ಆ ಬಗೆಯ ಹಾಡು ಹುಟ್ಟಿದ, ಅಮೆರಿಕದ ಸಿಯಾಟಲ್ ಎಂಬ ಊರಿನ ಕಥೆಯನ್ನೂ ಹೇಳಿದ. ಅಲ್ಲಿಯೂ ಮಳೆ, ಚಳಿ, ಮರ ಕಡಿಯುವವರ ಚೌಕಳಿ ಅಂಗಿ. ಕೈಯಲ್ಲಿ ಕಾಸಿಲ್ಲದ ಹಾಡುಗಾರರು ಅದನ್ನೇ ಹಳೇಬಟ್ಟೆ ಅಂಗಡಿಯಿಂದ ತಂದು ತೊಟ್ಟು ಗಿಟಾರ್ ಕಿರುಚಿಸಿದರಂತೆ. ಆಮೇಲೆ ಉಳ್ಳವರು ಹೊಸದನ್ನೇ ಹಳೆಯದರಂತೆ ಹೊಲಿಸಿಕೊಂಡರಂತೆ. ಕೇಳುತ್ತಿದ್ದಂತೆ ನನಗೆ ನಮ್ಮ ಹಿತ್ತಲ ಬಾಗಿಲ ಮೊಳೆಯಲ್ಲಿ ನೇತಾಡುವ ಅಂಗಿ ನೆನಪಾಯಿತು.

ಅಮ್ಮ ಕೊಟ್ಟಳು, ಷರತ್ತಿನ ಮೇಲೆ. "ಭಾನುವಾರ ತಂದ್ಬಿಡು. ಸೋಮವಾರ ಮೇಲಿನ ತೋಟದ ಕುಯ್ಲು. ಅಲ್ಲಿ ಇರುವೆ ಜಾಸ್ತಿ."

ಹಾಡು ಹೇಗಿತ್ತೋ, ಪ್ರಿನ್ಸಿಪಾಲರಂತೂ ಕಿವಿ ಮುಚ್ಚಿಕೊಂಡಿದ್ದರು. ಆದರೆ ಕಾಫಿ ಹಣ್ಣಿನ ಕರೆ ಹಿಡಿದ ಆ ತೋಳಿಗೆ ಬಿದ್ದ ಶಿಳ್ಳೆ! ವೇದಿಕೆ ಇಳಿದೊಡನೆ ಪ್ರಸನ್ನ ತನ್ನ ಚರ್ಮದ ಜಾಕೆಟ್ ಬಿಚ್ಚಿ ಚಾಚಿದ. "ಬದ್ಲು ಮಾಡ್ಕೊಳ್ಳೋಣ್ವಾ ಮಾರಾಯ?"

ಆ ಜಾಕೆಟನ್ನು ನಾನು ಕನಸಿನಲ್ಲಿ ಎಷ್ಟೋ ಸಲ ತೊಟ್ಟಿದ್ದೆ. ಒಂದು ತೋಳು ತೂರಿಸಿಯೂ ಬಿಟ್ಟೆ. ಬೆಚ್ಚಗಿತ್ತು. ಅಷ್ಟರಲ್ಲಿ ಸೋಮವಾರ ನೆನಪಾಗಿ ತೆಗೆದುಕೊಟ್ಟೆ.

ಸೋಮವಾರ ಅಮ್ಮ ಸೆರಗು ಸಿಕ್ಕಿಸಿ, ಅಂಗಿ ತೊಟ್ಟು ತೋಳು ಮೂಸಿದಳು. "ತೊಳ್ದಿದ್ಯೇನೋ? ಮತ್ತೆ ಕರೆ ಆಗ್ತದಲ್ಲ!" ಎಂದು ಸೊಂಟಕ್ಕೆ ಬುಟ್ಟಿ ಕಟ್ಟಿ ಏರು ಹತ್ತಿದಳು. ಹಿಂದಿನಿಂದ ನೋಡಿದೆ. ಸತ್ಯ ಹೇಳಬೇಕೆಂದರೆ ಆ ಅಂಗಿ ನನಗಿಂತ ಅವಳಿಗೇ ಒಪ್ಪುತ್ತಿತ್ತು.

ಸಂಜೆ ಬಂದವಳ ಕೈಯಲ್ಲಿ ಇರುವೆ ಕಡಿದ ಗುರುತಿರಲಿಲ್ಲ. ಎಂದಿನಂತೆ ಆ ಪುಣ್ಯಾತ್ಮನನ್ನು ಹರಸಿದಳು. ಈ ಸಲ ನಾನೂ ಕೈಮುಗಿದೆ.