ದೀಪಾವಳಿಗೆ ಮೊದಲು ಭಾಗಾಕಾರ

ನಮ್ಮ ಕಡೆಯ ಐದು ತಾಲ್ಲೂಕುಗಳ ಶಾಲೆಗಳಿಗೆ ಸ್ಥಳೀಯ ಪಾಠ ಬರೆದು, ಎಲ್ಲ ವಿಷಯಗಳಲ್ಲೂ ಯಾವ ತಿಂಗಳು ಯಾವ ಪಾಠ ಎಂದು ಹಂಚುವ ಸಮಿತಿಯಲ್ಲಿ ನಾನೂ ಒಬ್ಬ ಮೇಷ್ಟ್ರು. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಾನಹೊಸಹಳ್ಳಿಯಲ್ಲಿ ಸೇರಿ, ಮಂಡಕ್ಕಿ ಮೆಣಸಿನಕಾಯಿ ಮುಗಿಸಿ, ಎಲ್ಲರನ್ನೂ ಒಳಗೊಳ್ಳುವುದು ಹೇಗೆಂದು ಚರ್ಚೆಗೆ ಕೂತೆವು. ಒಳಗೊಳ್ಳಬೇಕಾದವರು ಒಬ್ಬರೂ ಅಲ್ಲಿರಲಿಲ್ಲ. ಇರಲೇಬೇಕೆಂದು ಆದೇಶದಲ್ಲಿದ್ದದ್ದು ಆಮೇಲೆ ನೆನಪಾಗಿ, ನಮ್ಮ ಶಾಲೆಯ ಪಕ್ಕದ ಲಂಬಾಣಿ ತಾಂಡಾದಿಂದ ಒಬ್ಬ ಅಜ್ಜಿಯನ್ನು ಕರೆಸಿದರು.

ಆಕೆ ಸಾದಾ ಸೀರೆ ಉಟ್ಟು ಬಂದದ್ದೇ ಅಧ್ಯಕ್ಷರಿಗೆ ಬೇಸರ.

"ಅಲ್ಲಬೇ ಯಮ್ಮಾ, ನಿಮ್ಮ ಲಂಬಾಣಿ ಡ್ರೆಸ್ ಎಲ್ಲೈತಿ? ಫೋಟೋಕ್ಕ ಬೇಕಲ್ಲ!"

"ಅದು ನಮ್ಮತ್ತಿ ಕಾಲಕ್ಕ ಹೋತ್ರಿ."

ಬಿಡಬೇಕಲ್ಲ! ವಾರ್ಷಿಕೋತ್ಸವದ ಪೆಟ್ಟಿಗೆ ತೆಗೆಸಿ, ಪ್ಲಾಸ್ಟಿಕ್ ಕನ್ನಡಿ ಅಂಟಿಸಿದ ಹುಡುಗಿಯರ ಲಂಗವನ್ನು ಆಕೆಯ ಸೀರೆಯ ಮೇಲೇ ಸುತ್ತಿ ಫೋಟೋ ಹೊಡೆದರು. ಆಮೇಲೆ ಹಾಡು ಹೇಳು ಎಂದರು.

"ಹಾಡು ಆಮ್ಯಾಲೆ ಹೇಳ್ತೀನ್ರಿ. ನನ್ನ ಮೊಮ್ಮಗಳು ಐದನೇತ್ತ ಓದ್ತಾಳ. ದೀಪಾವಳಿ ಆತು ಅಂದ್ರ ಕಬ್ಬು ಕಡಿಯಾಕ ಮಂಡ್ಯ ಕಡಿ ಹೊಕ್ಕೀವಿ, ಬರಾದು ಯುಗಾದಿಗೆ. ಭಾಗಾಕಾರ ಪ್ರತಿ ವರ್ಷ ನಾವಿಲ್ಲದಾಗ ಹೇಳಿಕೊಡ್ತೀರಿ. ಬಂದಮ್ಯಾಲೆ ದಡ್ಡಿ ಅಂತೀರಿ. ಅದೊಂದು ಪಾಠ ದೀಪಾವಳಿ ಒಳಗ ತರ್ರಿ. ಬ್ಯಾರೆ ಏನೂ ಕೇಳಂಗಿಲ್ಲ."

ಅಬ್ಬಬ್ಬಾ, ಸಮಿತಿ ಬೆವತುಹೋಯಿತು! ಆಕೆ ಹೊಸ ಪಾಠ ಕೇಳಿದ್ದರೆ ಹತ್ತು ಬರೆಯುತ್ತಿದ್ದೆವು. ಇದ್ದ ಪಾಠವನ್ನು ಎರಡು ತಿಂಗಳು ಮೊದಲಿಗೆ ತರುವುದೆಂದರೆ ಸಾಮಾನ್ಯವೇ?

"ಗಣಿತ ಮುಟ್ಟಬ್ಯಾಡ್ರಿ ಮೇಷ್ಟ್ರೆ, ಸಂಸ್ಕೃತಿ ಬರೀರಿ" ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು.

ಆಕೆಯ ಮಾತು ಸರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ 'ತಾಂಡಾದ ಜನ ವರ್ಷವಿಡೀ ಹಾಡುತ್ತ ಕುಣಿಯುತ್ತ ಸಂತೋಷದಿಂದಿರುತ್ತಾರೆ' ಎಂದು ಬರೆದೆ. ಎಲ್ಲರೂ ಭೇಷ್ ಎಂದರು. ಆ ಪಾಠವನ್ನು ಜನವರಿಗೆ ಇಟ್ಟರು, ಭಾಗಾಕಾರವನ್ನು ಇದ್ದ ಡಿಸೆಂಬರಿನಲ್ಲೇ ಬಿಟ್ಟರು.

ಜನವರಿಯಲ್ಲಿ ಆ ಪಾಠ ಮಾಡಿದವನೂ ನಾನೇ. ತಾಂಡಾದ ಒಂದು ಮಗುವೂ ತರಗತಿಯಲ್ಲಿರಲಿಲ್ಲ. ಉಳಿದ ಮಕ್ಕಳು ತಾಂಡಾದವರ ಸಂತೋಷವನ್ನು ಬಾಯಿಪಾಠ ಮಾಡಿಕೊಂಡರು.

ಯುಗಾದಿಗೆ ಆ ಮೊಮ್ಮಗಳು ಊರಿಗೆ ಬಂದು ಪರೀಕ್ಷೆಗೆ ಕೂತಳು. ಕೈತುಂಬ ಕಬ್ಬಿನ ಗರಿ ಕೊಯ್ದ ಗೀರು. ಗಣಿತದ ಹಾಳೆಯಲ್ಲಿ ಭಾಗಾಕಾರದ ಜಾಗವೆಲ್ಲ ಖಾಲಿ. ಸ್ಥಳೀಯ ಪಾಠದ ಹಾಳೆಯಲ್ಲಿ, ತಾಂಡಾದ ಜನ ವರ್ಷವಿಡೀ ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ, 'ಕಬ್ಬು ಕಡಿಯುತ್ತಾರೆ' ಎಂದು ಬರೆದಿದ್ದಳು. ಸಮಿತಿ ಕೊಟ್ಟ ಸರಿಯುತ್ತರದ ಪಟ್ಟಿಯನ್ನು ಎರಡು ಸಲ ನೋಡಿದೆ. ಅದರಲ್ಲಿ ಕಬ್ಬು ಇರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು, ಕೆಂಪು ಪೆನ್ನು ತೆಗೆದು ಸೊನ್ನೆ ಹಾಕಿದೆ.